ಉಂಡ ಅನ್ನ ಯಾರ ಪಾಲು?

ಮಗು ಹೊಟ್ಟೆ ತುಂಬ ಉಣ್ಣುತ್ತದೆ, ಆದರೂ ಮೈ ಹಿಡಿಯುವುದಿಲ್ಲ. ತರಗತಿಯಲ್ಲಿ ತೂಕಡಿಸುತ್ತದೆ, ಆಟದಲ್ಲಿ ಬೇಗ ದಣಿಯುತ್ತದೆ. ಮನೆಯಲ್ಲಿ ಸೋಮಾರಿ ಎಂಬ ಬೈಗುಳ, ಶಾಲೆಯಲ್ಲಿ ಗಮನವಿಲ್ಲ ಎಂಬ ದೂರು. ಗದರುವ ಮೊದಲು ಮಗುವಿನ ಕೆಳಗಿನ ಕಣ್ಣುರೆಪ್ಪೆಯ ಒಳಭಾಗವನ್ನು ನೋಡಬೇಕು. ಅದು ಬಿಳಿಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ಅದರ ಹಿಂದೆ ಕರುಳಿನ ಹುಳುವೂ ಇರಬಹುದು.

ಕಾರವಾರ, ಅಂಕೋಲೆಯಂಥ ಕರಾವಳಿ ತಾಲೂಕುಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ಕೊಕ್ಕೆಹುಳುವಿನ ಮರಿಗೆ ಬೆಚ್ಚನೆಯ ಹವೆ, ನೆರಳು ಮತ್ತು ತೇವವಿರುವ ಸಡಿಲ ಮಣ್ಣು ಹಿತ. ಮಳೆಗಾಲದಲ್ಲಿ ಕಾಳಿ, ಗಂಗಾವಳಿ ದಂಡೆಯ ತೋಟ ಮತ್ತು ಹಿತ್ತಲುಗಳಲ್ಲಿ ಇಂಥ ಮಣ್ಣಿಗೆ ಕೊರತೆಯಿಲ್ಲ. ಸೋಂಕಿರುವವರು ಬಯಲಿನಲ್ಲಿ ಮಲವಿಸರ್ಜನೆ ಮಾಡಿದರೆ ಮೊಟ್ಟೆಗಳು ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಐದರಿಂದ ಹತ್ತು ದಿನಗಳಲ್ಲಿ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆಯಲು ಸಿದ್ಧವಾಗುತ್ತವೆ. ಒಳಹೊಕ್ಕ ಮರಿ ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಉಗುಳಿನೊಡನೆ ಸಣ್ಣಕರುಳು ಸೇರುತ್ತದೆ. ಸುಮಾರು 1 ಸೆಂ.ಮೀ. ಉದ್ದದ ಈ ಹುಳು ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದೆರಡು ಹುಳುಗಳಿಂದ ತೊಂದರೆ ಕಾಣದು. ಹತ್ತಾರು, ನೂರಾರು ಸೇರಿದಾಗ ಮಗುವಿನ ಕಬ್ಬಿಣಾಂಶವೆಲ್ಲ ಸೋರಿಹೋಗುತ್ತದೆ.

ಗೇಣುದ್ದದ ದುಂಡುಹುಳು ಬರುವುದು ಬಾಯಿಯ ಮೂಲಕ. ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮಣ್ಣು ಸೇರಿದ ಮೊಟ್ಟೆಗಳು ಕೆಲವು ವಾರಗಳ ನಂತರ ತೊಳೆಯದ ಕೈ ಅಥವಾ ಸೊಪ್ಪಿನ ಮೂಲಕ ಹೊಟ್ಟೆ ಸೇರುತ್ತವೆ. ಬೆಲ್ಲ ತಿಂದರೆ ಹುಳುವಾಗುತ್ತದೆ ಎಂಬ ಮಾತು ಸರಿಯಲ್ಲ. ದೋಷ ಬೆಲ್ಲದ್ದಲ್ಲ, ಅದನ್ನು ಹಿಡಿದ ಕೊಳೆ ಕೈಯದು.

ಸರ್ಕಾರ 2015ರ ಫೆಬ್ರವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆರಂಭಿಸಿತು. ಈ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತ. ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ.ನ ಒಂದು ಮಾತ್ರೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ದೊಡ್ಡ ಮಕ್ಕಳು ಅಗಿದು ನುಂಗಬೇಕು, ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಹುಳು ಹೆಚ್ಚಿದ್ದವರಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು; ಸಾಮಾನ್ಯವಾಗಿ ಬೇಗನೆ ಶಮನವಾಗುತ್ತದೆ. ಇದಕ್ಕೆ ಹೆದರಿ ಮಗುವನ್ನು ಆ ದಿನ ಶಾಲೆ ಬಿಡಿಸುವುದು ತರವಲ್ಲ. ಜ್ವರ ಅಥವಾ ಬೇರೆ ಕಾಯಿಲೆ ಇದ್ದರೆ ಮಾತ್ರ ಗುಣವಾದ ಮೇಲೆ ಕೊಡಿಸಬೇಕು.

ಆದರೆ ಮಾತ್ರೆ ಸಾಯಿಸುವುದು ಹೊಟ್ಟೆಯೊಳಗಿನ ಹುಳುವನ್ನು, ಹಿತ್ತಲಿನದನ್ನಲ್ಲ. ಮಗು ಮತ್ತೆ ಬರಿಗಾಲಲ್ಲಿ ಅದೇ ಮಣ್ಣು ತುಳಿದರೆ ಸೋಂಕು ಮರಳುತ್ತದೆ. ಚಿಕ್ಕ ಮಕ್ಕಳ ಮಲವೂ ಶೌಚಾಲಯಕ್ಕೇ ಹೋಗಬೇಕು. ಕಾಲಿಗೆ ಚಪ್ಪಲಿ, ಊಟಕ್ಕೆ ಮೊದಲು ಮತ್ತು ಶೌಚದ ನಂತರ ಕೈಗೆ ಸೋಪು ಬೇಕು. ಉಗುರು ಕತ್ತರಿಸಿರಬೇಕು.

ಹುಳು ಹೋದರೂ ಕಳೆದುಕೊಂಡ ರಕ್ತ ತಾನಾಗಿ ತುಂಬದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನು ತುಟ್ಟಿಯಾಗುತ್ತದೆ. ಹುಳುವಿಗೆ ಹಿತವಾದ ಮಳೆಗಾಲದಲ್ಲೇ ಬಡಮಕ್ಕಳ ತಟ್ಟೆಯೂ ಬರಿದಾಗುತ್ತದೆ. ಆಗ ಒಣಮೀನು, ಮೊಟ್ಟೆ, ಹುರುಳಿ, ಹರಿವೆ, ಬಸಳೆ ಕೈಹಿಡಿಯುತ್ತವೆ. ಸೊಪ್ಪು, ಕಾಳಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ಮೈಗೂಡುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನೂ ಮಕ್ಕಳು ತಪ್ಪಿಸಬಾರದು. ಇಷ್ಟಾಗಿಯೂ ಮಗು ಬಿಳಿಚಿಕೊಂಡೇ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಮತ್ತು ಮಲ ಪರೀಕ್ಷೆ ಮಾಡಿಸುವುದು ಒಳ್ಳೆಯದು.