ಈ ಮಳೆಗಾಲ ಹುಲ್ಲುಗಾವಲಿನಲ್ಲಿ ಸಸಿ ನೆಡಬೇಡಿ

ಜೂನ್ ಬಂತೆಂದರೆ ಉದಕಮಂಡಲ, ಗೂಡಲೂರು, ಮಸಿನಗುಡಿಗಳಲ್ಲಿ ಸಸಿ ನೆಡುವ ಸಂಭ್ರಮ. ಶಾಲೆ, ಸಂಘ, ರೆಸಾರ್ಟಿನವರು, ಮೈಸೂರು–ಬೆಂಗಳೂರಿನಿಂದ ಬರುವ ಕಂಪನಿಯವರು, ಎಲ್ಲರಲ್ಲೂ ಒಂದೇ ಮನವಿ: ಊಟಿ ಸುತ್ತಲಿನ ಗುಡ್ಡ ಬೋಳಾಗಿದೆಯೆಂದು ಅಲ್ಲಿ ಗುಂಡಿ ತೋಡಬೇಡಿ. ಆ ಹುಲ್ಲುಗಾವಲು ಕಣಿವೆಗಳಲ್ಲಿನ ನಿತ್ಯಹಸಿರಿನ ಶೋಲಾ ಕಾಡಿನ ಜೊತೆಜೊತೆಗೇ ಬೆಳೆದು ಬಂದದ್ದು. ಇಲ್ಲಿನ ಮೂಲನಿವಾಸಿ ತೋಡರು ತಮ್ಮ ದೇಗುಲಕ್ಕೆ ಹೊದಿಸುವ ಹುಲ್ಲೂ ಅಲ್ಲಿನ ಜೌಗಿನದೇ. 1840ರ ದಶಕದಿಂದ ಆಸ್ಟ್ರೇಲಿಯಾದ ವಾಟಲ್, ನೀಲಗಿರಿ ಮರ ತಂದು ನೆಟ್ಟರು. ಸ್ವಾತಂತ್ರ್ಯದ ನಂತರ ಚರ್ಮ ಹದಮಾಡುವ ತೊಗಟೆಗೆ, ರೇಯಾನ್ ತಿರುಳಿಗೆ ಬೆಟ್ಟಬೆಟ್ಟವನ್ನೇ ತುಂಬಿದರು. ಈಗ ಉಳಿದಿರುವುದು ತುಂಡು ಹುಲ್ಲುಗಾವಲು. ಆ ತುಂಡುಗಳೇ ಚೇತರಿಕೆಯ ಮೂಲಧನ.

ಪೆಟ್ಟು ತಿಂದ ನಿಸರ್ಗ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಹವಳದ ದಿಬ್ಬಗಳಲ್ಲಿ ಚೆನ್ನಾಗಿ ನೋಡಬಹುದು. 1998ರಲ್ಲಿ ಸಮುದ್ರ ಕಾದಾಗ ಪಶ್ಚಿಮ ಆಸ್ಟ್ರೇಲಿಯಾದ ಸ್ಕಾಟ್ ರೀಫಿನಲ್ಲಿ ಬಹುಪಾಲು ಹವಳ ಸತ್ತಿತು. ಹೊರಗಿನಿಂದ ಮರಿ ಬಂದು ಸೇರೋಣವೆಂದರೆ ಹತ್ತಿರದಲ್ಲಿ ಬೇರೆ ದಿಬ್ಬವಿಲ್ಲ. ಆದರೂ ಹನ್ನೆರಡು ವರ್ಷದಲ್ಲಿ ಅದು ಹೆಚ್ಚುಕಡಿಮೆ ಮೊದಲಿನಂತಾಯಿತು. ಬದುಕುಳಿದ ಹವಳಗಳೇ ಬೆಳೆದು ಹಬ್ಬಿದವು. ಪಾಚಿ ಮೇಯುವ ಮೀನುಗಳಿದ್ದವು. ಮನುಷ್ಯರ ಕಾಟ ಕಡಿಮೆಯಿತ್ತು. ನಮ್ಮ ಲಕ್ಷದ್ವೀಪಕ್ಕೂ ಅದೇ ವರ್ಷ ಪೆಟ್ಟು ಬಿತ್ತು. ಸುಧಾರಿಸಿಕೊಳ್ಳುವಷ್ಟರಲ್ಲಿ 2010ರಲ್ಲಿ ಇನ್ನೊಂದು, 2016ರಲ್ಲಿ ಮತ್ತೊಂದು. ಬಿಡುವು ಸಾಲದೆ ಅಲ್ಲಿನ ಹವಳ ಸೊರಗಿತು. ಬೆಟ್ಟ ಕಡಲಲ್ಲ, ನಿಜ. ಹವಳದ ಮರಿ ನೀರಿನಲ್ಲಿ ತೇಲಿಕೊಂಡು ಹೋದಷ್ಟು ದೂರ ಹುಲ್ಲಿನ ಬೀಜ ಹೋಗದು. ಹಾಗಾಗಿಯೇ ಉಳಿದ ಹುಲ್ಲಿನ ಬೆಲೆ ಇಲ್ಲಿ ಇನ್ನೂ ಹೆಚ್ಚು.

ಮರವಿದ್ದರೆ ತಾನೇ ನೀರು ಎಂದು ಕೇಳುವವರಿದ್ದಾರೆ. ಉದಕಮಂಡಲದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್‌ನಲ್ಲಿ ಇದನ್ನು ಅಳೆದೇ ನೋಡಿದರು. ಅಕ್ಕಪಕ್ಕದ ಎರಡು ಪುಟ್ಟ ಜಲಾನಯನಗಳಲ್ಲಿ ಒಂದನ್ನು ಹುಲ್ಲಿಗೇ ಬಿಟ್ಟು ಇನ್ನೊಂದರಲ್ಲಿ ನೀಲಗಿರಿ ಮರ ನೆಟ್ಟಾಗ, ನೆಟ್ಟು ಕಡಿಯುವ ಮೊದಲ ಸುತ್ತಿನಲ್ಲೇ ಹರಿದು ಬರುವ ನೀರು ಸರಾಸರಿ ಶೇ. 16ರಷ್ಟು ತಗ್ಗಿತು. ಪೈಕಾರಾ, ಮೋಯಾರು, ಭವಾನಿ ನದಿಗಳನ್ನು ನಂಬಿದವರಿಗೆ ಇದು ಸಣ್ಣ ಲೆಕ್ಕವಲ್ಲ. ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ: ಹುಲ್ಲು ಮರಳಲೆಂದು ವಾಟಲ್ ಕಡಿದರೆ ಇಳಿಜಾರು ಕುಸಿಯದೇ? ಒಂದೇ ಸಲ ಬೋಳಿಸಿದರೆ ಕುಸಿದೀತು. ಕಡಿದಾದ ಕಡೆ ವರ್ಷವರ್ಷವೂ ಸ್ವಲ್ಪಸ್ವಲ್ಪವೇ ತೆಗೆಯಬೇಕು. ಹಳೆಯ ವಾಟಲ್ ನೆರಳಲ್ಲಿ ಶೋಲಾ ಸಸಿಗಳು ತಾವಾಗಿ ಎದ್ದಿದ್ದರೆ ಆ ಮರಗಳನ್ನು ಮುಟ್ಟದಿರುವುದೇ ಮೇಲು. ಜೆಸಿಬಿ ತಂದು ವಾರದಲ್ಲಿ ಮುಗಿಸಿ ಫೋಟೊ ಹಿಡಿಸಿಕೊಳ್ಳುವ ಕೆಲಸ ಇದಲ್ಲ.

ಏಕೆಂದರೆ ತೊಂದರೆ ಇರುವುದು ಮಣ್ಣಿನೊಳಗೆ. ವಾಟಲ್‌ನ ಗಟ್ಟಿ ಸಿಪ್ಪೆಯ ಕಪ್ಪು ಬೀಜ ದಶಕಗಟ್ಟಲೆ ಸಾಯದೆ ಬಿದ್ದಿರುತ್ತದೆ. ಬೆಂಕಿ ತಾಗಿದರೆ ಸಿಪ್ಪೆ ಬಿರಿದು ಒತ್ತೊತ್ತಾಗಿ ಮೊಳೆಯುತ್ತದೆ. ಮಳೆಗೆ ಮಣ್ಣು ಸಡಿಲಾದಾಗ ಗೇಣುದ್ದದ ಸಸಿಯನ್ನು ಬರಿಗೈಯಲ್ಲೇ ಬೇರುಸಹಿತ ಕೀಳಬಹುದು, ತಡಮಾಡಿದರೆ ಕತ್ತಿ ಬೇಕು. ಮಸಿನಗುಡಿ ಕಡೆಯ ಲಂಟಾನದ ಕಥೆಯೂ ಅಷ್ಟೇ: ಕಿತ್ತ ಜಾಗಕ್ಕೆ ಮತ್ತೆ ಮತ್ತೆ ಹೋಗದಿದ್ದರೆ ಕಿತ್ತದ್ದು ದಂಡ. ಆಕ್ರಮಣಕಾರಿ ಸಸ್ಯಗಳ ಬಗ್ಗೆ ತಮಿಳುನಾಡು ಸರ್ಕಾರ 2022ರಲ್ಲಿ ನೀತಿಯನ್ನೇನೋ ತಂದಿದೆ, ಬೇಕಿರುವುದು ಕೈಗಳು. ಸಸಿಗೆಂದು ಎತ್ತಿಟ್ಟ ಹಣವನ್ನೂ ಮಕ್ಕಳ ಹುರುಪನ್ನೂ ಇದಕ್ಕೆ ಕೊಡಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಒಂದೇ ಗುಡ್ಡವನ್ನು ಆರಿಸಿಕೊಂಡು, ಪ್ರತಿ ಮಳೆಗಾಲವೂ ಅಲ್ಲಿಗೇ ಹೋಗಿ ವಾಟಲ್ ಸಸಿ ಕೀಳಿ. ನೆಡಲೇಬೇಕೆಂಬ ಹಟವಿದ್ದರೆ ಶೋಲಾ ಕಾಡು ಹರಿದುಹೋದ ಅಂಚುಗಳಿವೆ. ಅಲ್ಲಿ ಶೋಲಾ ಮರಗಳನ್ನೇ ನೆಡಿ.