ಕಿಡಿಯ ನಿದಾನ

ನಿದಾನವನ್ನರಿಯದೆ ಮಾಡುವ ಚಿಕಿತ್ಸೆಯಿಂದ ಹಣವು ಹೋಗುವುದೇ ಹೊರತು ರೋಗವು ಹೋಗದು. ಮೈಸೂರಿನಲ್ಲಿ 1961ರಿಂದ ತಯಾರಾಗತೊಡಗಿದ ಜಾವಾ ಮೋಟಾರ್ ಸೈಕಲ್ಲುಗಳಲ್ಲಿ ಹಳೆಯದೊಂದು ನಮ್ಮ ಮನೆಯಲ್ಲಿಯೂ ಉಂಟು. ಮೂವತ್ತು ವರ್ಷ ನಾನು ಪಾಠಶಾಲೆಗೆ ಹೋಗಿಬಂದದ್ದು ಅದರ ಮೇಲೆಯೇ. ಕಳೆದ ವರ್ಷ ಅದು ಎರಡು ಮೈಲಿ ನಡೆದು ನಿಲ್ಲುವುದು, ತಣಿದ ಮೇಲೆ ಮತ್ತೆ ಹೊರಡುವುದು, ಹೀಗಾಯಿತು. ಆತುರದಿಂದ ಹೊಸ ಪ್ಲಗ್ಗನ್ನೂ ಕಾಯಿಲನ್ನೂ ಹಾಕಿಸಿದೆನು, ಫಲವಾಗಲಿಲ್ಲ. ಮಾರಿಬಿಡುವುದೆಂದು ಮನೆಯಲ್ಲಿ ನಿಶ್ಚಯವಾಯಿತು.

ಕೊನೆಗೆ ಕ್ರಮವಾಗಿ ಪರೀಕ್ಷಿಸಲು ಕುಳಿತೆನು. ವಾಚಕರೂ ಹೀಗೆಯೇ ಮಾಡಬಹುದು. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಪ್ಲಗ್ಗನ್ನು ಬಿಚ್ಚಿ, ಅದು ಇದ್ದ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ಕನ್ನು ಒದೆಯತಕ್ಕದ್ದು. ಕಿಡಿಯು ನೀಲಿಯಾಗಿ ಬಲವಾಗಿರಬೇಕು. ಹಳದಿಯಾಗಿ ಕ್ಷೀಣವಾಗಿದ್ದರೆ ಬಲಬದಿಯ ಮುಚ್ಚಳದೊಳಗಿನ ಪಾಯಿಂಟುಗಳನ್ನು ಶುಚಿಮಾಡಿ, ಅವು ಪೂರ್ಣವಾಗಿ ತೆರೆದಾಗ ಅಂತರವು ಸುಮಾರು 0.4 ಮಿಲಿಮೀಟರು ಇದೆಯೇ ಎಂದು ನೋಡತಕ್ಕದ್ದು. ಪಾಯಿಂಟುಗಳ ನಡುವೆಯೇ ಕಿಡಿಯು ಧಾರಾಳವಾಗಿ ಹಾರುತ್ತಿದ್ದರೆ ಕಂಡೆನ್ಸರಿನ ಮೇಲೆ ಸಂಶಯಪಡಬೇಕು. ಹಳತಾದ ಕಂಡೆನ್ಸರು ಬಿಸಿಯಾದಾಗ ಸೋತು, ತಣಿದಾಗ ಚೇತರಿಸಿಕೊಳ್ಳುವುದುಂಟು.

ನಮ್ಮಲ್ಲಿ ಆಗಿದ್ದುದೂ ಅದೇ. ಅಲ್ಪಬೆಲೆಯ ಆ ವಸ್ತುವನ್ನು ಬದಲಿಸಲು ವಾಹನವು ಹಿಂದಿನಂತೆಯೇ ನಡೆಯಿತು. ದೋಷವಿದ್ದದ್ದು ಅದರಲ್ಲಿ ಅಲ್ಪ, ನನ್ನ ಆತುರದಲ್ಲಿ ಅಧಿಕ. ಕೊಳ್ಳುವುದಕ್ಕೆ ಮುಂಚೆ ಪರೀಕ್ಷೆ, ಮಾರುವುದಕ್ಕೆ ಮುಂಚೆ ಇನ್ನೊಂದು ಪರೀಕ್ಷೆ. ಗೃಹಸ್ಥರು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು.