ಬೋನ್ಸಾಯ್ ಕುಂಡ: ಜೇಡಿಮಣ್ಣು ಅಚ್ಚಿಗಿರಲಿ, ಗಾರೆಗೆ ಬೇಡ

ಕಾಫಿ ಸೀಮೆಯ ಮನೆಯಂಗಳಗಳಲ್ಲಿ ಹೂಕುಂಡಗಳಿಗೆ ಎಂದೂ ಬರವಿಲ್ಲ. ಆಂಥೂರಿಯಂ, ಜರಿಗಿಡ, ಅಜೇಲಿಯಾಗಳ ಸಾಲಿಗೆ ಈಗ ಬೋನ್ಸಾಯ್, ಅಂದರೆ ಕುಬ್ಜ ಮರಗಳೂ ಸೇರಿಕೊಂಡಿವೆ. ಮೈಸೂರಿಗೆ ಹೋದವರು ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನೋಡಿ ಬಂದು, ತಮ್ಮ ಮನೆಯಲ್ಲೂ ನಾಲ್ಕು ಗಿಡ ಬೆಳೆಸಲು ಮನಸ್ಸು ಮಾಡುವುದುಂಟು. ಗಿಡಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅಗಲವಾದ, ಆಳ ಕಡಿಮೆಯಿರುವ ಕುಂಡಕ್ಕೆ. ಅಂಗಡಿಯ ಮೆರುಗಿನ ಕುಂಡದ ಬೆಲೆ ಕೇಳಿ ಹಿಂದೆ ಸರಿದವರು ಮನೆಯಲ್ಲೇ ಸಿಮೆಂಟು ಕಲಸಲು ಕುಳಿತಿದ್ದಾರೆ. ಇದು ಮೆಚ್ಚತಕ್ಕ ಕೆಲಸ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಇದನ್ನು ಮಾಡುತ್ತಿರುವ ಕ್ರಮದಲ್ಲಿ ಎರಡು ದೋಷಗಳಿವೆ. ಅವುಗಳಿಂದ ಕುಂಡವೂ ಹಾಳು, ಹಲವು ವರ್ಷ ಸಾಕಿದ ಗಿಡವೂ ಹಾಳು.

ಮೊದಲನೆಯ ದೋಷ, ಸಿಮೆಂಟು ಉಳಿಸಲೆಂದು ಗಾರೆಗೆ ಜೇಡಿಮಣ್ಣನ್ನೋ ತೋಟದ ಕೆಮ್ಮಣ್ಣನ್ನೋ ಬೆರೆಸುವುದು. ಕಲಸುವಾಗ ಇದು ಬೆಣ್ಣೆಯಂತೆ ಬರುತ್ತದೆ, ಕೈಗೆ ಹಿತವಾಗಿರುತ್ತದೆ, ಬಣ್ಣವೂ ಚೆನ್ನ. ಆದರೆ ಜೇಡಿಯ ಕಣಗಳು ಬಹು ಸಣ್ಣವು. ಅವು ಮರಳಿನ ಕಾಳುಗಳ ಮೇಲೆ ಪದರವಾಗಿ ಕುಳಿತು, ಸಿಮೆಂಟು ಮರಳನ್ನು ಹಿಡಿಯದಂತೆ ತಡೆಯುತ್ತವೆ. ಹೆಚ್ಚು ನೀರನ್ನೂ ಕೇಳುತ್ತವೆ. ನೀರು ಹೆಚ್ಚಾದಷ್ಟೂ ಗಾರೆಯ ಬಲ ಕುಗ್ಗುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕುಂಡ ಗಟ್ಟಿಯಾಗಿಯೇ ತೋರುತ್ತದೆ. ಮೂಡಿಗೆರೆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 2,000 ಮಿ.ಮೀ.ಗೂ ಹೆಚ್ಚು. ಅದರಲ್ಲಿ ಒಂದು ಮುಂಗಾರು ನೆನೆದು ಒಣಗಿದ ಮೇಲೆ ಅಂಚು ಉದುರಲು ತೊಡಗುತ್ತದೆ.

"ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ ಮಣ್ಣಿಗೆ ಸಿಮೆಂಟು ಬೆರೆಸಿ ಇಟ್ಟಿಗೆ ಮಾಡಿ ತೋರಿಸಿಲ್ಲವೇ?" ಎಂದು ತಿಳಿದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿನ ಇಟ್ಟಿಗೆಯ ಬಗ್ಗೆ ದೊಡ್ಡ ಕೆಲಸ ಮಾಡಿತು. ಆದರೆ ಅಲ್ಲಿ ಮರಳಿನಂಶ ಹೆಚ್ಚಾಗಿ, ಜೇಡಿಯಂಶ ಕಡಿಮೆಯಿರುವ ಮಣ್ಣನ್ನೇ ಆರಿಸುತ್ತಾರೆ; ಇಲ್ಲದಿದ್ದರೆ ಮರಳು ಕೂಡಿಸಿ ಹದಕ್ಕೆ ತರುತ್ತಾರೆ. ನಸು ತೇವದ ಮಣ್ಣನ್ನು ಯಂತ್ರದಲ್ಲಿ ಬಲವಾಗಿ ಒತ್ತುತ್ತಾರೆ. ಆ ಇಟ್ಟಿಗೆ ದಪ್ಪ ಗೋಡೆಯಲ್ಲಿ, ಸೂರಿನಡಿ ಕೂರುತ್ತದೆ. ನಮ್ಮ ಕುಂಡದ ಗೋಡೆ ಹೆಬ್ಬೆರಳಿನಷ್ಟು ದಪ್ಪ, ಒಳಗೂ ಹೊರಗೂ ನೀರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅಷ್ಟಕ್ಕೂ ಉಳಿಯುವ ಹಣವೆಷ್ಟು? 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಕುಂಡಕ್ಕೆ 2 ಸೆಂ.ಮೀ. ದಪ್ಪದ ಗೋಡೆಯಾದರೆ, ಸಿಮೆಂಟು ಒಂದು ಪಾಲು, ಮರಳು ಎರಡು ಪಾಲು ಅಳತೆಯಲ್ಲಿ ಬೇಕಾಗುವುದು ಸುಮಾರು ಒಂದೂವರೆ ಕಿಲೋ ಸಿಮೆಂಟು. 50 ಕಿಲೋ ಚೀಲವೊಂದರಲ್ಲಿ ಇಂತಹ 30 ಕುಂಡಗಳಾಗುತ್ತವೆ. ಒಂದು ಹಿಡಿ ಸಿಮೆಂಟಿನ ಆಸೆಗೆ ಕುಂಡವನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಮರಳಿನಲ್ಲಿಯೂ ಜೇಡಿ ಅಡಗಿರುತ್ತದೆ. ಗಾಜಿನ ಸೀಸೆಗೆ ಅರ್ಧದಷ್ಟು ಮರಳು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ರಾತ್ರಿ ಇಡಿ. ಮೇಲೆ ಕುಳಿತ ಮಣ್ಣಿನ ಪದರ ಮರಳಿನ ಎತ್ತರದ ಹನ್ನೆರಡರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೆ ಮರಳನ್ನು ತೊಳೆದೇ ಬಳಸಿ. ಎಂ-ಸ್ಯಾಂಡ್ ಆದರೂ ಅಷ್ಟೇ. ಅದರ ಕಲ್ಲಿನ ಹಿಟ್ಟನ್ನು ಜರಡಿ ಹಿಡಿದು ತೆಗೆಯಬೇಕು.

ಹಾಗಾದರೆ ಜೇಡಿ ಬೇಡವೇ? ಬೇಕು. ಅದಕ್ಕಿಂತ ಒಳ್ಳೆಯ ಅಚ್ಚು ಇನ್ನೊಂದಿಲ್ಲ. ಗದ್ದೆಯ ತಳದ ಜೇಡಿಯನ್ನು ತಂದು, ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕುಂಡದ ಒಳಗಿನ ಆಕಾರಕ್ಕೆ ಬೋರಲಾಗಿ ಮೆತ್ತಿ. ಅದರ ಮೇಲೆ ನೆನೆಸಿದ ಹಳೆಯ ಪತ್ರಿಕೆಯನ್ನು ಹೊದಿಸಿ. ಇಲ್ಲವಾದರೆ ಜೇಡಿ ಗಾರೆಯ ನೀರನ್ನು ಹೀರುತ್ತದೆ, ಬಿಡಿಸುವಾಗಲೂ ಅಂಟುತ್ತದೆ. ತೂತಿಗಾಗಿ ಬಿದಿರಿನ ತುಂಡುಗಳಿಗೆ ಎಣ್ಣೆ ಸವರಿ ನಿಲ್ಲಿಸಿ. ಒಂದು ಸೆಂ.ಮೀ. ಗಾರೆ ಮೆತ್ತಿ, ಅದರ ಮೇಲೆ ಕೋಳಿಗೂಡಿನ ತಂತಿಜಾಲರಿಯನ್ನು ಒತ್ತಿ, ಮತ್ತೊಂದು ಸೆಂ.ಮೀ. ಗಾರೆ ಮೆತ್ತಿ. ನಾಲ್ಕು ಮೂಲೆಗೆ ಕಾಲುಗಳಂತೆ ನಾಲ್ಕು ಉಂಡೆ ಇಡಿ. ಕಾಲಿಲ್ಲದ ಕುಂಡದ ತೂತು ನೆಲಕ್ಕೆ ಅಂಟಿ ಮುಚ್ಚಿಹೋಗುತ್ತದೆ. ಗಾರೆ ಉಂಡೆ ಕಟ್ಟುವಷ್ಟು ಗಟ್ಟಿಯಿರಬೇಕು. ಕಿಲೋ ಸಿಮೆಂಟಿಗೆ ಅರ್ಧ ಲೀಟರಿಗಿಂತ ಕಡಿಮೆ ನೀರು ಸಾಕು. ಕೈಗೆ ರಬ್ಬರಿನ ಗವಸು ತೊಡದೆ ಕಲಸಬೇಡಿ, ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಈ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುವುದರಿಂದ ಗಂಡಸರು ಗವಸು ತಂದುಕೊಡುವುದನ್ನು ಮರೆಯಬಾರದು. ಎರಡು ದಿನ ಒದ್ದೆ ಗೋಣಿತಾಟು ಹೊದಿಸಿಟ್ಟು, ಮಗುಚಿ, ಜೇಡಿಯನ್ನು ಬಗೆದು ತೆಗೆಯಿರಿ. ಅದೇ ಜೇಡಿ ಮುಂದಿನ ಕುಂಡಕ್ಕೂ ಆಗುತ್ತದೆ. ಬಳಿಕ ಕನಿಷ್ಠ ಎರಡು ವಾರ ಕುಂಡ ಒಣಗದಂತೆ ನೋಡಿಕೊಳ್ಳಬೇಕು.

ಎರಡನೆಯ ದೋಷ ಹೆಚ್ಚಿನದು: ಆತುರ. ಗಟ್ಟಿಯಾದೊಡನೆ ಗಿಡ ನೆಡುತ್ತಾರೆ. ಸಿಮೆಂಟು ಗಟ್ಟಿಯಾಗುವಾಗ ಸುಣ್ಣ ಬಿಡುಗಡೆಯಾಗುತ್ತದೆ. ಹೊಸ ಗಾರೆಯೊಳಗಿನ ನೀರಿನ ರಸಸಾರ 12ಕ್ಕೂ ಮೇಲೆ. ನಮ್ಮ ಕಾಫಿ, ಅಜೇಲಿಯಾ, ಕ್ಯಾಮೆಲಿಯಾ ಇವೆಲ್ಲ ಹುಳಿ ಮಣ್ಣಿನ ಗಿಡಗಳು. ಹೊಲದ ಗಿಡವಾದರೆ ಬೇರು ದೂರ ಸರಿದೀತು. ಎರಡು ಹಿಡಿ ಮಣ್ಣಿನಲ್ಲಿರುವ ಕುಬ್ಜ ಮರ ಎಲ್ಲಿಗೆ ಸರಿಯಬೇಕು? ಸುಣ್ಣ ಹೆಚ್ಚಾದಾಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸಾರಜನಕದ ಕೊರತೆಯಲ್ಲಿ ಮೊದಲು ಹಳದಿಯಾಗುವುದು ಹಳೆಯ ಎಲೆ. ಈ ವ್ಯತ್ಯಾಸ ಗಮನಿಸದೆ ಯೂರಿಯಾ ಹಾಕುವವರು ಗಿಡವನ್ನು ಇನ್ನಷ್ಟು ಬೇಗ ಸಾಯಿಸುತ್ತಾರೆ.

ಪರಿಹಾರ ಸುಲಭ. ಹದ ಬಂದ ಕುಂಡವನ್ನು ತೊಟ್ಟಿಯಲ್ಲಿ ಮುಳುಗಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ವಾರ ಇಡಿ. ಸುಣ್ಣ ಹೋಯಿತೇ ಎಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದನ್ನು ಆರತಿಯ ಓಕುಳಿ ನೀರು ಕಲಸಿದ ಪ್ರತಿ ತಾಯಿಯೂ ಬಲ್ಲಳು. ಬಿಳಿ ಕಾಗದದ ಪಟ್ಟಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ. ಕುಂಡದಲ್ಲಿ ಹೊಸ ನೀರು ಒಂದು ರಾತ್ರಿ ನಿಂತ ಮೇಲೆ ಅದರಲ್ಲಿ ಪಟ್ಟಿಯನ್ನು ಅದ್ದಿ ನೋಡಿ. ಕೆಂಪಾದರೆ ಇನ್ನೂ ನೆನೆಯಲಿ, ಹಳದಿಯಾಗಿಯೇ ಉಳಿದರೆ ನೆಡಬಹುದು. ಬೋರ್‌ವೆಲ್ ನೀರಾದರೆ ಆ ನೀರಿಗೇ ಪಟ್ಟಿ ಬಣ್ಣ ತಿರುಗುವುದೇ ಎಂದು ಮೊದಲು ನೋಡಿಕೊಳ್ಳಿ.

ಹೊಸ ಸಿಮೆಂಟು ಕುಂಡಕ್ಕೆ ಮೊದಲ ವರ್ಷ ಅರಳಿ, ಬಸರಿ, ಗೋಳಿಯ ಸಸಿಗಳೇ ಲೇಸು. ಹಳೆಯ ಗುಡಿ, ಕೋಟೆಗಳ ಸುಣ್ಣದ ಗಾರೆಯ ಬಿರುಕಿನಲ್ಲಿ ಹುಟ್ಟಿ ಬೆಳೆಯುವ ಜಾತಿ ಇದು. ಸ್ವಲ್ಪ ಸುಣ್ಣ ಉಳಿದಿದ್ದರೂ ತಾಳುತ್ತದೆ. ಅಜೇಲಿಯಾದಂತಹವನ್ನು ಸುಟ್ಟ ಮಣ್ಣಿನ ಕುಂಡದಲ್ಲಿ ನೆಡುವುದೇ ಕ್ಷೇಮ.

ಸುಟ್ಟ ಕುಂಡದ ಮಾತು ಬಂದಾಗ ನನ್ನ ಪಕ್ಷಪಾತವನ್ನು ಹೇಳಿಬಿಡುತ್ತೇನೆ. ಪರಿಚಯದ ಕುಂಬಾರರು ಸಿಕ್ಕುವುದಾದರೆ ಸಿಮೆಂಟಿನ ಗೊಡವೆಗೇ ಹೋಗಬೇಡಿ. ಹಿಮ ಬೀಳುವ ದೇಶಗಳಲ್ಲಿ ಕಡಿಮೆ ಬೆಂಕಿಯಲ್ಲಿ ಸುಟ್ಟ ಕುಂಡ, ಹೀರಿದ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಆದ್ದರಿಂದಲೇ ಜಪಾನಿನವರು ಹೆಚ್ಚು ಉರಿಯಲ್ಲಿ ಸುಟ್ಟ ಗಟ್ಟಿ ಕುಂಡಗಳನ್ನು ಬಯಸುತ್ತಾರೆ. ನಮ್ಮ ಬೆಟ್ಟಗಳಲ್ಲಿ ಆ ಭಯವಿಲ್ಲ. ಮಡಕೆ ಸುಡುವ ಆವಿಗೆಯಲ್ಲಿ ಬೆಂದ ಕುಂಡ ನಮಗೆ ಸಾಕು. ಕಷ್ಟವೇನೆಂದರೆ, ಮಡಕೆ ಮಾಡುವವರು ಕೇಳದೆ ತಟ್ಟೆಯಾಕಾರದ ಕುಂಡ ಮಾಡುವುದಿಲ್ಲ, ನಾವು ಅವರನ್ನು ಕೇಳುವುದೂ ಇಲ್ಲ. ಅಳತೆ ಬರೆದುಕೊಟ್ಟು ಹತ್ತು ಕುಂಡ ಹೇಳಿ ನೋಡಿ. ಮಡಕೆಗೆ ಗಿರಾಕಿ ಕಡಿಮೆಯಾಗಿರುವ ಕಾಲದಲ್ಲಿ ಅವರಿಗೂ ಒಂದು ಕೆಲಸವಾದೀತು.

ಅಳತೆಯಲ್ಲಿ ಪುಸ್ತಕದ ಸೂತ್ರವನ್ನು ಮಲೆನಾಡಿಗೆ ಹಾಗೆಯೇ ತರಬಾರದು. ಕುಂಡದ ಉದ್ದ ಗಿಡದ ಎತ್ತರದ ಮೂರರಲ್ಲಿ ಎರಡು ಪಾಲು ಎಂಬುದು ಸರಿ. ಆಳ ಕಾಂಡದ ಬುಡದ ದಪ್ಪದಷ್ಟೇ ಎಂಬುದು ಇಲ್ಲಿ ಅಪಾಯ. ನೆನೆದ ಸ್ಪಂಜನ್ನು ಅಡ್ಡ ಮಲಗಿಸಿದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಿದರೆ ಸುರಿಸಿಬಿಡುತ್ತದೆ. ಕುಂಡದ ಮಣ್ಣೂ ಹಾಗೆಯೇ: ಆಳ ಕಡಿಮೆಯಾದಷ್ಟೂ ತಳದಲ್ಲಿ ಜೌಗಿನ ಪಾಲು ಹೆಚ್ಚು. ಆದ್ದರಿಂದ ಬುಡ 5 ಸೆಂ.ಮೀ. ಇದ್ದರೂ ಕುಂಡ 7–8 ಸೆಂ.ಮೀ. ಆಳವಿರಲಿ. 2 ಸೆಂ.ಮೀ. ಅಗಲದ ಎರಡು ಮೂರು ತೂತಿರಲಿ. ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸಿರಿ. ನೋಟಕ್ಕೆ ತುಸು ಒರಟಾದೀತು, ಆಗಲಿ.

ಗಿಡಕ್ಕಾಗಿ ಕಾಡಿಗೆ ಕೈ ಹಾಕಬೇಡಿ. ಮೀಸಲು ಅರಣ್ಯದಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಚರಂಡಿ, ಗೋಡೆ, ಮನೆಯ ಹೆಂಚಿನ ಸಂದುಗಳಲ್ಲಿ ನೀವೇ ಕಿತ್ತೆಸೆಯುವ ಅತ್ತಿ, ಗೋಳಿಗಳು ಸಾಕಷ್ಟಿವೆ. ಹಳೆಯ ಅರೇಬಿಕಾ ಬುಡವೂ ಕುಂಡದಲ್ಲಿ ಅಂದವಾಗಿ ಕಾಣುತ್ತದೆ. ಆದರೆ ಬಿಳಿ ಕಾಂಡಕೊರಕ ಹಿಡಿದು ಕಿತ್ತ ಗಿಡವನ್ನು ಮಾತ್ರ ತರಬೇಡಿ. ಅದನ್ನು ಸುಡಲೇಬೇಕು. ಏಪ್ರಿಲ್–ಮೇ ಅಥವಾ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಬುಡದಿಂದ ಹೊರಡುವ ದುಂಬಿ ನಿಮ್ಮ ಜಗಲಿಯಿಂದ ನೇರ ತೋಟಕ್ಕೆ ಹಾರುತ್ತದೆ.

ಕೊಯ್ಲು ಮುಗಿದು ಹೂಮಳೆಗೆ ಕಾಯುವ ಬಿಡುವಿನಲ್ಲಿ, ಅಂದರೆ ಮಾರ್ಚ್ ವೇಳೆಗೆ ಕುಂಡ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಹದ ಮಾಡುವುದೂ ನೆನೆಸುವುದೂ ಮುಗಿಯುತ್ತದೆ. ಜೂನ್ ಮೊದಲ ಮಳೆಗೆ ಗಿಡ ನೆಟ್ಟು, ಹೊಸ ಬೇರು ಬರುವವರೆಗೆ ಜಡಿಮಳೆ ನೇರ ಬೀಳದಂತೆ ಸೂರಿನಂಚಿನ ಒಳಗಡೆ ಇರಿಸಿ.